ಸಾಕ್ಷಿಯಿಲ್ಲದೆ ತೀರ್ಪು ಮಾಡಬಾರದು

ಒಬ್ಬನೇ ಸಾಕ್ಷಿಯ ಮಾತಿನಿಂದ ಯಾರನ್ನೂ ಅಪರಾಧಿಯೆಂದು ನಿರ್ಣಯಿಸಬಾರದು, ಇಬ್ಬರು ಮೂವರು ಸಾಕ್ಷಿಗಳು ಇರಬೇಕು ಎಂಬ ವಿಧಿಯು ಮೋಶೆಯ ಧರ್ಮಶಾಸ್ತ್ರದಲ್ಲಿ ಉಂಟು. ಅದು ಮನುಷ್ಯರ ವಿಷಯವಾಗಿ ಕೊಡಲ್ಪಟ್ಟದ್ದು. ಆದರೂ ಅಂಗಳದಲ್ಲಿ ನಿಂತಿರುವ ಪಿಕಪ್ ಗಾಡಿಯ ವಿಷಯದಲ್ಲಿಯೂ ಅದು ನಮಗೆ ಬುದ್ಧಿ ಕಲಿಸುವದು.

ಕಡೂರಿನ ತೆಂಗಿನಕಾಯಿ, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ಇಂಥ ಡೀಸೆಲ್ ಗಾಡಿಗಳಲ್ಲಿ ಪೇಟೆಗೆ ಹೋಗುತ್ತವೆ. ಅನೇಕರಿಗೆ ಗಾಡಿಯು ಸಾಲದ ಕಂತಿನ ಮೇಲೆ ಬಂದದ್ದು. ಲಿಂಗದಹಳ್ಳಿಯನ್ನು ದಾಟಿ ಕೆಮ್ಮಣ್ಣುಗುಂಡಿಯ ಏರನ್ನು ಹತ್ತುವಾಗ ಎಂಜಿನು ಬಲಗುಂದಿದರೆ ಒಡೆಯನ ಎದೆ ನಡುಗುವದು. ಆಗ ಯಾರೋ ಒಬ್ಬನು, ‘ಪಂಪು ಹೋಯಿತು’ ಎನ್ನುವನು. ಆ ಒಂದೇ ಮಾತಿಗೆ ಸಾವಿರಾರು ರೂಪಾಯಿ ಸುರಿದು ಹೊಸದನ್ನು ಹಾಕಿಸುವರು. ರೋಗವೋ ಇದ್ದಲ್ಲಿಯೇ ಇರುವದು.

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಶಿಲ್ಪಜ್ಞನು 1897ರಲ್ಲಿ ನಡೆಸಿ ತೋರಿಸಿದ ಈ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ಪಿಸ್ಟನ್ನು ಗಾಳಿಯನ್ನು ಸುಮಾರು 16ರಲ್ಲಿ ಒಂದು ಪಾಲಿಗೆ ಅದುಮುವದು. ಅದರಿಂದ ಹುಟ್ಟುವ ಕಾವಿನಿಂದಲೇ ಡೀಸೆಲ್ ಹೊತ್ತುವದು. ಆದಕಾರಣ ಅದಕ್ಕೆ ಬೇಕಾದವುಗಳು ಮೂರು: ಸಾಕಷ್ಟು ಗಾಳಿ, ಶುದ್ಧವಾದ ಡೀಸೆಲ್, ಸೋರದ ಒತ್ತಡ. ಬಲ ಕುಂದಿದಾಗ ಇವುಗಳಲ್ಲಿ ಯಾವದು ಕೊರತೆಯಾಗಿದೆ ಎಂದು ವಿಚಾರಿಸತಕ್ಕದ್ದು.

ಮೊದಲನೆಯ ಸಾಕ್ಷಿ ಹೊಗೆ. ಕಪ್ಪು ಹೊಗೆಯು ಡೀಸೆಲ್‌ಗೆ ತಕ್ಕ ಗಾಳಿಯಿಲ್ಲವೆಂದು ಹೇಳುವದು: ಧೂಳಿನಿಂದ ಕಟ್ಟಿದ ಏರ್ ಫಿಲ್ಟರ್, ಸೀಳಿದ ಟರ್ಬೊ ಪೈಪು, ಕೆಟ್ಟ ಇಂಜೆಕ್ಟರ್, ಇಲ್ಲವೆ ಮಿತಿಮೀರಿದ ಹೇರು. ನೀಲಿ ಹೊಗೆಯಾದರೆ ಎಂಜಿನ್ ಆಯಿಲು ಉರಿಯುತ್ತಿದೆ. ಚಳಿಯ ಮುಂಜಾನೆ ಸ್ವಲ್ಪ ಬಿಳಿ ಹೊಗೆ ಬಂದರೆ ದೋಷವಲ್ಲ. ಎಂಜಿನು ಕಾದ ಮೇಲೆಯೂ ಅದು ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಿರಿ. ಹೊಗೆಯೇ ಇಲ್ಲದೆ ಎಳೆತ ತಗ್ಗಿದರೆ ಡೀಸೆಲ್ ಫಿಲ್ಟರ್ ಕಟ್ಟಿರಬಹುದು, ಅಥವಾ ಇಂಧನದಲ್ಲಿ ನೀರು ಸೇರಿರಬಹುದು.

ಎರಡನೆಯ ಸಾಕ್ಷಿ ಸಮಯ. ಏರಿನಲ್ಲಿ ಮಾತ್ರವೋ? ಸ್ಟಾರ್ಟ್ ಮಾಡುವಾಗಲೋ? ಡ್ರಮ್ಮಿನಲ್ಲಿಟ್ಟ ಡೀಸೆಲ್ ತುಂಬಿಸಿದ ಮೇಲೋ? ಚಾಲಕನನ್ನು ಗದರಿಸದೆ ಕೇಳಿರಿ. ಅವನು ಕಂಡದ್ದನ್ನು ಇನ್ನಾರೂ ಕಂಡಿಲ್ಲ.

ಮೂರನೆಯ ಸಾಕ್ಷಿ ಪರೀಕ್ಷೆ. ಇದು ಅಗ್ಗವಾದದ್ದರಿಂದ ಆರಂಭವಾಗಲಿ. ಏರ್ ಫಿಲ್ಟರನ್ನು ತೆಗೆದು ನೋಡಿರಿ, ಪೈಪುಗಳ ಕ್ಲಿಪ್ಪುಗಳನ್ನು ಮುಟ್ಟಿ ನೋಡಿರಿ, ಡೀಸೆಲ್ ಫಿಲ್ಟರಿನ ತಳದ ನೀರನ್ನು ಇಳಿಸಿರಿ. ಇವು ನಿರಪರಾಧಿಗಳೆಂದು ಕಂಡುಬಂದ ಮೇಲೆ ಇಂಜೆಕ್ಟರನ್ನೂ ಕಂಪ್ರೆಷನ್ನನ್ನೂ ಮೆಕ್ಯಾನಿಕನು ಅಳೆಯಲಿ. ಆದರೆ ಎಚ್ಚರಿಕೆ! ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬೇಡಿರಿ. ಎಂಜಿನು ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಕೈಯಿಂದ ಹುಡುಕಬೇಡಿರಿ. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುವದು.

2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಅನೇಕ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಫಿಲ್ಟರುಂಟು. ಅದು ಹೊಗೆಯನ್ನು ಮರೆಮಾಡುವದು. ತಾನೇ ಕಟ್ಟಿಕೊಂಡರೆ ಎಳೆತವನ್ನೂ ಕುಂದಿಸುವದು. ಅಲ್ಲಿ ಎಚ್ಚರಿಕೆಯ ದೀಪವನ್ನೂ ಸ್ಕ್ಯಾನರನ್ನೂ ಕೇಳಬೇಕು. ಆದರೆ ಸ್ಕ್ಯಾನರೂ ಒಬ್ಬನೇ ಸಾಕ್ಷಿ. ಒತ್ತಡ ಕಡಿಮೆಯಾಗಿದೆ ಎಂದು ಅದು ಹೇಳೀತು; ಯಾರಿಂದ ಕಡಿಮೆಯಾಯಿತೆಂದು ಹೇಳಲಾರದು.

ನಮ್ಮಲ್ಲಿ ಮೆಕ್ಯಾನಿಕ್ ಕೆಲಸ ಮಾಡುವ ಸಹೋದರರೇ, ಪರೀಕ್ಷಿಸದ ಭಾಗವನ್ನು ಕೆಟ್ಟಿದೆಯೆಂದು ಹೇಳಿ ಬಡವನ ಹಣ ತೆಗೆದುಕೊಳ್ಳುವದು ಕಳ್ಳತನವಲ್ಲವೋ? ಗಾಡಿಯ ಒಡೆಯರೇ, ಮಿತಿಮೀರಿ ಹೇರಿ ಎಂಜಿನನ್ನು ದೂರುವದು ನ್ಯಾಯವೋ? ಕಬ್ಬಿಣದ ವಿಷಯದಲ್ಲಿ ಇಷ್ಟು ತಾಳ್ಮೆಯಿಂದ ವಿಚಾರಿಸಬೇಕಾದರೆ, ನೆರೆಯವನ ವಿಷಯದಲ್ಲಿ ಎಷ್ಟೋ ಹೆಚ್ಚಾಗಿ ವಿಚಾರಿಸಬೇಕು! ಕೇರಿಯಲ್ಲಿ ಕೇಳಿದ ಒಂದು ಮಾತಿನ ಮೇಲೆ ಯಾರನ್ನೂ ತಳ್ಳಿಬಿಡಬೇಡಿರಿ. ಪಂಪನ್ನು ಬದಲಾಯಿಸಬಹುದು, ಮುರಿದ ಮನಸ್ಸಿಗೆ ಬದಲಿಯಿಲ್ಲ. ನ್ಯಾಯವಾಗಿ ತೀರ್ಪು ಮಾಡುವ ವಿವೇಕವನ್ನು ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.