ರೂಪಸ್ತುತಿಯೂ ಭಾಷಾಸಮಿತಿಯೂ

ದಶಲಕ್ಷಣ ಪರ್ವದ ಕೊನೆಯ ದಿನ. ಒಂದು ಊರಿನ ಬಸದಿಯಲ್ಲಿ ಅಭಿಷೇಕ ಮುಗಿದು ಎಲ್ಲರೂ ಗಂಧೋದಕ ಸ್ವೀಕರಿಸುತ್ತಿದ್ದರು. ಹಿರಿಯ ಶ್ರಾವಕಿಯೊಬ್ಬರು ನೆರೆಮನೆಯ ಗೃಹಿಣಿಯನ್ನು ಕಂಡು, "ಉಪವಾಸ ನಿಮಗೆ ಚೆನ್ನಾಗಿ ಒಗ್ಗಿದೆಯಮ್ಮ, ಎಷ್ಟು ತೆಳ್ಳಗಾಗಿದ್ದೀರಿ! ಹತ್ತು ವರ್ಷ ಚಿಕ್ಕವರಂತೆ ಕಾಣುತ್ತೀರಿ" ಎಂದರು. ಆ ಗೃಹಿಣಿ ಉಪವಾಸವನ್ನೇ ಮಾಡಿರಲಿಲ್ಲ. ಕರುಳಿನ ವ್ಯಾಧಿಗೆ ಎರಡು ತಿಂಗಳಿಂದ ಔಷಧ ಸೇವಿಸುತ್ತಿದ್ದರು. ವ್ರತ ಬೇಡವೆಂದು ವೈದ್ಯರೇ ತಡೆದಿದ್ದರು. ಈ ಸಂಗತಿ ಮನೆಯವರ ಹೊರತು ಯಾರಿಗೂ ತಿಳಿದಿರಲಿಲ್ಲ. ಮಾಡದ ತಪಸ್ಸಿಗೆ ಪ್ರಶಂಸೆ ಪಡೆದ ಸಂಕೋಚ ಒಂದೆಡೆ, ಸೊರಗಿದ ದೇಹವನ್ನು ಅಣಕಿಸಿದರೇನೋ ಎಂಬ ನೋವು ಮತ್ತೊಂದೆಡೆ. ಮುಂದೆ ಕೆಲವು ತಿಂಗಳು ಅವರು ಬಸದಿಯ ಕಡೆ ಸುಳಿಯಲಿಲ್ಲ.

ಹಾಗಾದರೆ ಹಿರಿಯರು ಅಸತ್ಯ ನುಡಿದರೇ? ಕಣ್ಣಿಗೆ ಕಂಡದ್ದನ್ನೇ ಅವರು ಹೇಳಿದ್ದರು. ಆದರೆ ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಅನೃತವನ್ನು ವಿವರಿಸುವಾಗ, ಪ್ರಾಣಿಗಳಿಗೆ ಪೀಡೆಯುಂಟುಮಾಡುವ ಮಾತು ಇರುವ ಸಂಗತಿಯನ್ನೇ ಕುರಿತದ್ದಾದರೂ ಅಪ್ರಶಸ್ತವೇ ಎನ್ನುತ್ತಾರೆ. ಭಾಷಾಸಮಿತಿಗೆ ಹಿತ, ಮಿತ, ಅಸಂದಿಗ್ಧ ಎಂಬ ಮೂರು ಲಕ್ಷಣಗಳನ್ನು ಆಚಾರ್ಯರು ಹೇಳಿದ್ದಾರೆ. ಸಮಿತಿಗಳು ಮುನಿಧರ್ಮಕ್ಕೆ ಸೇರಿದವು, ನಿಜ. ಆದರೂ ಮೂರನೆಯ ಲಕ್ಷಣವನ್ನು ಗೃಹಸ್ಥರು ತೀರ ಮರೆತಂತಿದೆ. ರೂಪದ ಹೊಗಳಿಕೆಯಷ್ಟು ಸಂದಿಗ್ಧವಾದ ಮಾತು ಮತ್ತೊಂದಿಲ್ಲ. ಅಂಗಡಿಯಿಂದ ಹೊರಟ ಸರಕಿನ ತೂಕವೂ ಕೊಂಡವನ ಕೈ ಸೇರಿದ ಸರಕಿನ ತೂಕವೂ ಒಂದೇ ಆಗಿರಬೇಕೆಂದು ವ್ಯಾಪಾರಿ ಎಚ್ಚರ ವಹಿಸುತ್ತಾನೆ. ಮಾತಿನಲ್ಲಿ ಆ ಎಚ್ಚರ ಏಕಿಲ್ಲ?

ಕನ್ಯೆಯನ್ನು ನೋಡಲು ಬಂದವರು ಮೆಚ್ಚುಗೆಯಿಂದಲೇ, "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎನ್ನುತ್ತಾರೆ. 'ಲಕ್ಷಣ' ಎಂಬುದು ಆಡಿದವರ ಮನಸ್ಸಿನಲ್ಲಿ ಉಳಿಯುತ್ತದೆ. 'ಆದರೂ' ಎಂಬುದು ಆ ಹೆಣ್ಣುಮಗಳ ಮನಸ್ಸಿನಲ್ಲಿ ಉಳಿಯುತ್ತದೆ, ಅದೂ ಬಹಳ ವರ್ಷ. ಅಂಗಡಿಯ ಯಜಮಾನ ಲೆಕ್ಕ ಬರೆಯುವ ತರುಣಿಗೆ, "ಈ ಸೀರೆ ನಿನಗೆ ಬಹಳ ಒಪ್ಪುತ್ತದೆ" ಎಂದರೆ ಅವನ ಮನಸ್ಸಿನಲ್ಲಿ ಮಗಳೆಂಬ ಭಾವವೇ ಇದ್ದೀತು. ಆದರೆ ಸಂಬಳ ಕೊಡುವವನ ಬಾಯಿಂದ ಬಂದ ಆ ಮಾತಿಗೆ ಆಕೆ ಏನು ಉತ್ತರ ಕೊಡಬಲ್ಲಳು? ನಕ್ಕರೆ ಒಂದು ಅರ್ಥ, ಮೌನವಾಗಿದ್ದರೆ ಇನ್ನೊಂದು ಅರ್ಥ.

ಭಾವ ಶುದ್ಧವಾಗಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಜೈನಧರ್ಮ ಭಾವಕ್ಕೆ ಕೊಟ್ಟಷ್ಟು ಬೆಲೆಯನ್ನು ಪ್ರಮಾದದ ವಿಷಯದಲ್ಲಿ ಕೊಟ್ಟ ಎಚ್ಚರಿಕೆಗೂ ಕೊಟ್ಟಿದೆ. ತಿಳಿಯದಿರುವುದು ಬೇರೆ, ಯೋಚಿಸದಿರುವುದು ಬೇರೆ. ಬಸದಿಯ ಹಿರಿಯರಿಗೆ ವ್ಯಾಧಿಯ ವಿಷಯ ತಿಳಿಯುವ ಮಾರ್ಗವಿರಲಿಲ್ಲ. ಅವರ ಮೇಲೆ ದೊಡ್ಡ ದೋಷ ಹೊರಿಸುವುದು ನ್ಯಾಯವಲ್ಲ. ಕೇಳಿದವರೂ ಇಲ್ಲದ ಅಣಕವನ್ನು ಊಹಿಸಿಕೊಂಡು ಕಷಾಯಕ್ಕೆ ಎಡೆಗೊಟ್ಟರು ಎಂಬುದೂ ಸತ್ಯ. ಯಜಮಾನನಿಗೆ ಮಾತ್ರ ಈ ವಿನಾಯಿತಿ ಸಲ್ಲದು. ತನ್ನ ಸ್ಥಾನವೇನೆಂಬುದು ಅವನಿಗೆ ತಿಳಿದೇ ಇರುತ್ತದೆ.

ಹೊಗಳಿಸಿಕೊಂಡವರಿಗೂ ಇದರಲ್ಲಿ ಅಪಾಯವಿದೆ. ವಡ್ಡಾರಾಧನೆಯ 19 ಕಥೆಗಳಲ್ಲಿ ಸನತ್ಕುಮಾರ ಚಕ್ರವರ್ತಿಯದೂ ಒಂದು. ಪರಂಪರೆಯು ಹೇಳುವಂತೆ, ಅವನ ರೂಪದ ಕೀರ್ತಿ ಕೇಳಿ ಬಂದ ದೇವತೆಗಳು ಅಲಂಕಾರವಿಲ್ಲದ ಅವನನ್ನು ಕಂಡು ಬೆರಗಾದರು. ಅವರ ಬೆರಗನ್ನು ಅವನು ಗರ್ವಕ್ಕೆ ಆಹಾರವಾಗಿ ತೆಗೆದುಕೊಂಡ. ಆಭರಣ ತೊಟ್ಟು ಆಸ್ಥಾನದಲ್ಲಿ ಕುಳಿತಾಗ ಬಂದು ನೋಡಿರೆಂದ. ಬಂದು ನೋಡಿದವರು, ಆಗಲೇ ಕಾಂತಿ ಕುಂದಿದೆಯೆಂದರು. ಚಕ್ರವರ್ತಿಗೆ ವೈರಾಗ್ಯ ಹುಟ್ಟಿದ್ದು ಆ ಎರಡನೆಯ ಮಾತಿನಿಂದ.

ಆ ಬಸದಿಯಲ್ಲಿ ಮರುವರ್ಷ ಪರ್ವ ಬಂದಾಗ ಗೃಹಿಣಿ ಮತ್ತೆ ಬಂದರು. ನಡುವೆ ಯಾರಿಂದಲೋ ಸಂಗತಿ ತಿಳಿದಿದ್ದ ಹಿರಿಯರು ಮೈಬಣ್ಣದ ಮಾತನ್ನಾಗಲಿ ಮೈಕಟ್ಟಿನ ಮಾತನ್ನಾಗಲಿ ಎತ್ತಲಿಲ್ಲ. ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು, "ಬನ್ನಿಯಮ್ಮ, ನೀವಿಲ್ಲದೆ ಪೂಜೆಯ ಹಾಡಿಗೆ ದನಿ ಸಾಲುತ್ತಿರಲಿಲ್ಲ" ಎಂದರು.