ಮೇಷ್ಟ್ರ ಮಾತು: ಆಜ್ಞೆಯೋ, ಸಲಹೆಯೋ?

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ನಾವು ಕುಳಿತಿದ್ದಾಗ ಟಿವಿಯಲ್ಲಿ 'ನಾಗರಹಾವು' ಮುಗಿಯುವುದರಲ್ಲಿತ್ತು. ದುರ್ಗದ ಸೀಮೆಯವರಿಗೆ ಅದು ಬರೀ ಸಿನಿಮಾ ಅಲ್ಲ. ತಮ್ಮ ಬೆಟ್ಟದಲ್ಲೇ ನಡೆದುಹೋದ ಸಂಗತಿ ಎಂಬಂತೆ ಅದರ ಬಗ್ಗೆ ಮಾತನಾಡುತ್ತಾರೆ. ರಾಮಾಚಾರಿ, ಮಾರ್ಗರೆಟ್ ಕೈ ಕೈ ಹಿಡಿದು ಬೆಟ್ಟದಿಂದ ಹಾರಿದ ಮೇಲೆ ಮನೆಯ ಹಿರಿಯರು, 'ಮೇಷ್ಟ್ರ ಮಾತು ಕೇಳಿದ್ರೆ ಮೂರು ಜೀವ ಉಳೀತಿದ್ವು' ಎಂದು ನಿಟ್ಟುಸಿರಿಟ್ಟರು. ಕಾಲೇಜಿಗೆ ಹೋಗುವ ಮೊಮ್ಮಗಳು ಸುಮ್ಮನಿರಲಿಲ್ಲ. 'ಮೊದಲ್ನೇ ಸಲ ಕೇಳಿದ್ನಲ್ಲ ತಾತ, ಅಲಮೇಲು ಗತಿ ಏನಾತು?' ಎಂದಳು.

ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ತರಾಸು ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ಕತೆ ಇದು. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ತರಾಸು ಬೇಸರಪಟ್ಟದ್ದು ಪ್ರಸಿದ್ಧ. ಆದರೆ ಜನಮನದಲ್ಲಿ ಉಳಿದದ್ದು ಸಿನಿಮಾದ ರಾಮಾಚಾರಿಯೇ. ಅವನು ಸಂಪ್ರದಾಯಸ್ಥ ಬ್ರಾಹ್ಮಣರ ಮನೆಯ ಮಗ. ಹಟಮಾರಿ, ಮುಂಗೋಪಿ. ಊರಿಗೆ ಬೇಡವಾದವನು, ಹೆತ್ತ ತಂದೆಗೂ ಹೊರೆಯಾದವನು. ಮಾರ್ಗರೆಟ್ ಕ್ರೈಸ್ತ ಹುಡುಗಿ. ಅವಳ ದಿಟ್ಟತನವೇ ಊರಿನ ಕಣ್ಣಿಗೆ ಬಜಾರಿತನ. ಜಗಳದಲ್ಲಿ ಶುರುವಾದ ಇವರ ಪರಿಚಯ ಪ್ರೀತಿಗೆ ತಿರುಗುತ್ತದೆಂದು ಯಾರೂ ಎಣಿಸುವಂತಿರಲಿಲ್ಲ. ಯಾವ ಬೀದಿಯಲ್ಲೂ ಜಾಗವಿಲ್ಲದ ಇಬ್ಬರು ಒಬ್ಬರಲ್ಲೊಬ್ಬರು ಜಾಗ ಕಂಡುಕೊಂಡರು, ಅಷ್ಟೆ. (ಈ ಚಿತ್ರದಲ್ಲಿ ನೆನಪಿನಲ್ಲುಳಿಯುವ ಮುಸ್ಲಿಮ್ ಹೆಸರೊಂದಿದ್ದರೆ ಅದು ಹುಡುಗಿಯರನ್ನು ಕಾಡಿಸುವ ಜಲೀಲನದು. ಅಂಬರೀಷ್ ಅಭಿನಯಕ್ಕೆ ಚಪ್ಪಾಳೆ ತಟ್ಟುವಾಗಲೂ ನಮಗೆ ಎಲ್ಲೋ ಚುಚ್ಚುತ್ತದೆ.)

ಚಾಮಯ್ಯ ಮೇಷ್ಟ್ರು ಕೆಟ್ಟವರಲ್ಲ. ಊರೆಲ್ಲ ಹಾವೆಂದು ದೂರವಿಟ್ಟವನನ್ನು ಮಗನಂತೆ ಕಂಡವರು ಅವರು. ಕಷ್ಟ ಇರುವುದೇ ಇಲ್ಲಿ. ಅಲಮೇಲುವನ್ನು ಬಿಟ್ಟುಕೊಡೆಂದು ಅವರು ಕೇಳಿದಾಗ ರಾಮಾಚಾರಿ ಬಿಟ್ಟುಕೊಟ್ಟ. ಹಿರಿಯರು ನೋಡಿದ ಗಂಡನೇ ಅವಳನ್ನು ಮಾರಾಟದ ವಸ್ತುವಾಗಿಸಿದ. ತ್ಯಾಗ ಕೇಳಿದವರು ಮೇಷ್ಟ್ರು, ತ್ಯಾಗ ಮಾಡಿ ದೊಡ್ಡವನೆನಿಸಿಕೊಂಡವನು ರಾಮಾಚಾರಿ. ಅದರ ಬೆಲೆ ತೆತ್ತವಳನ್ನು ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ.

ಎರಡನೇ ಸಲ ಅದೇ ಮೇಷ್ಟ್ರು ಬೆಟ್ಟದ ಮೇಲೆ ಅಡ್ಡ ನಿಂತರು. ವಾಗ್ವಾದದ ನಡುವೆ ಪ್ರೀತಿಯ ಶಿಷ್ಯನ ಕೈಯಿಂದಲೇ ಕೆಳಗೆ ಬಿದ್ದರು. ಯೋಚಿಸಿ ನೋಡಿ. ವಿಶೇಷ ವಿವಾಹ ಕಾಯ್ದೆ ಬಂದದ್ದು 1954ರಲ್ಲಿ. ಸಿನಿಮಾ ತೆರೆ ಕಾಣುವಾಗ ಅದಕ್ಕೆ 18 ವರ್ಷ. ನೋಟಿಸು ಕೊಟ್ಟು, 30 ದಿನ ಕಾದು, ನೋಂದಣಿ ಅಧಿಕಾರಿಯ ಮುಂದೆ ಸಹಿ ಹಾಕಿದ್ದರೆ ಮುಗಿಯುತ್ತಿತ್ತು. ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿದ ಹುಡುಗನಿಗೆ ಇದೇನು ದೊಡ್ಡದು? ಆದರೆ ಅವನಿಗೆ ಬೇಕಿದ್ದದ್ದು ಸರ್ಕಾರದ ಮೊಹರಲ್ಲ, ಮೇಷ್ಟ್ರ ಒಪ್ಪಿಗೆ. ವಯಸ್ಕರು ಜಾತಿ, ಧರ್ಮ ನೋಡದೆ ತಮಗಿಷ್ಟವಾದವರನ್ನು ಮದುವೆಯಾಗುವುದು ಮೂಲಭೂತ ಹಕ್ಕು ಎಂದು ಕರ್ನಾಟಕ ಹೈಕೋರ್ಟು 2020ರ ನವೆಂಬರ್‌ನಲ್ಲಿ ಮತ್ತೆ ಹೇಳಿತು. ನ್ಯಾಯಾಲಯ ಹಕ್ಕು ಕೊಡಬಲ್ಲದು. ಸಾಕಿ ಬೆಳೆಸಿದವರ ಮುನಿಸನ್ನು ಅದು ಹೇಗೆ ತೀರಿಸೀತು?

ಇಲ್ಲಿ ನಮಗೆ ಮದೀನಾದ ಒಂದು ಘಟನೆ ನೆನಪಾಗುತ್ತದೆ. ಸಹೀಹ್ ಬುಖಾರಿಯಲ್ಲಿ ಅದು ದಾಖಲಾಗಿದೆ. ಬರೀರಾ(ರ) ದಾಸಿಯಾಗಿದ್ದರು. ಹಝ್ರತ್ ಆಯಿಶಾ(ರ) ಅವರನ್ನು ಖರೀದಿಸಿ ಬಿಡುಗಡೆಗೊಳಿಸಿದರು. ಗಂಡ ಮುಗೀಸ್(ರ) ಗುಲಾಮರಾಗಿಯೇ ಉಳಿದಿದ್ದರು. ಸ್ವತಂತ್ರಳಾದ ಹೆಣ್ಣಿಗೆ ಅಂಥ ದಾಂಪತ್ಯದಲ್ಲಿ ಇರುವ ಅಥವಾ ಬಿಡುವ ಆಯ್ಕೆ ಇತ್ತು. ಬರೀರಾ ಬಿಡುವುದನ್ನೇ ಆರಿಸಿಕೊಂಡರು. ಮುಗೀಸ್ ಅಳುತ್ತಾ, ಗಡ್ಡ ತೋಯಿಸಿಕೊಂಡು ಮದೀನಾದ ಓಣಿಗಳಲ್ಲಿ ಅವರ ಹಿಂದೆ ಹಿಂದೆ ಅಲೆದರು. ಆ ನೋವು ಕಂಡು ಪ್ರವಾದಿ(ಸ)ಯವರು, ಮರಳಿ ಹೋಗಬಾರದೇ ಎಂದು ಬರೀರಾರನ್ನು ಕೇಳಿದರು. ಇದು ಆಜ್ಞೆಯೇ ಎಂದು ಬರೀರಾ ವಿಚಾರಿಸಿದರು. ಅಲ್ಲ, ಬರೀ ಶಿಫಾರಸು ಎಂಬ ಉತ್ತರ ಬಂತು. ಹಾಗಾದರೆ ತಮಗೆ ಅವರ ಅಗತ್ಯವಿಲ್ಲ ಎಂದುಬಿಟ್ಟರು ಬರೀರಾ. ನಿನ್ನೆ ಮೊನ್ನೆ ದಾಸ್ಯದಿಂದ ಬಿಡುಗಡೆಯಾದ ಹೆಣ್ಣು ಸಾಕ್ಷಾತ್ ಅಲ್ಲಾಹನ ಸಂದೇಶವಾಹಕರ ಮಾತಿಗೆ ಒಲ್ಲೆ ಎಂದರು. ಅದಕ್ಕಾಗಿ ಅವರ ಗೌರವಕ್ಕೇನೂ ಕುಂದು ಬರಲಿಲ್ಲ.

ಚಾಮಯ್ಯ ಮೇಷ್ಟ್ರನ್ನು ರಾಮಾಚಾರಿ ಇದೇ ಪ್ರಶ್ನೆ ಕೇಳಿದ್ದರೆ ಅವರ ಉತ್ತರ ಏನಿರುತ್ತಿತ್ತು? ಪ್ರಾಯಶಃ ಅವರೂ ಸಲಹೆ ಎಂದೇ ಹೇಳುತ್ತಿದ್ದರು. ನಾವೂ ಮಕ್ಕಳಿಗೆ ಹಾಗೆಯೇ ಹೇಳುತ್ತೇವೆ. 'ನಿನ್ನಿಷ್ಟ ಕಣಮ್ಮ' ಎಂದು ಹೇಳಿ ಎರಡು ದಿನ ಊಟ ಬಿಡುತ್ತೇವೆ. ಬಲವಂತದ ನಿಕಾಹ್ ಊರ್ಜಿತವಲ್ಲ, ತಂದೆ ಒಪ್ಪಿಸಿದ ಮದುವೆಯನ್ನು ಮಗಳು ಒಲ್ಲೆನೆಂದಾಗ ಪ್ರವಾದಿ(ಸ)ಯವರು ಅದನ್ನು ರದ್ದುಪಡಿಸಿದ್ದರು ಎಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುವವರು ನಾವೇ. ಆದರೆ ನಿಕಾಹ್‌ನ ದಿನ ವಕೀಲರು, ಸಾಕ್ಷಿಗಳು ಒಳಕೋಣೆಗೆ ಹೋಗಿ ಒಪ್ಪಿಗೆ ಕೇಳುವಾಗ ಹೊರಗೆ ಬಿರಿಯಾನಿಯ ದೇಗ ಇಳಿದಿರುತ್ತದೆ. ಆ ಹೊತ್ತಿನಲ್ಲಿ ಹುಡುಗಿಯ ಮೌನಕ್ಕೆ ಸಮ್ಮತಿ ಎಂಬ ಅರ್ಥವನ್ನೇ ಹಚ್ಚುವುದು ಎಷ್ಟು ಪ್ರಾಮಾಣಿಕ?

ಧರ್ಮದ ಗಡಿ ದಾಟುವ ಮದುವೆಗೆ ನಮ್ಮ ಶರೀಅತ್ತಿನಲ್ಲಿ ಮಿತಿಗಳಿವೆ, ಅದನ್ನು ಮರೆಮಾಚುವ ಉದ್ದೇಶ ನಮಗಿಲ್ಲ. ಒಪ್ಪದ ತಂದೆ ತಾಯಿ ಒಪ್ಪುವುದಿಲ್ಲವೆಂದು ಹೇಳಲಿ, ಕಾರಣ ಕೊಡಲಿ, ಅಳಲಿ. ಮದುವೆಗೆ ಹೋಗದೆಯೂ ಇರಲಿ. ಆದರೆ ಮಕ್ಕಳು ಬೆಟ್ಟದ ತುದಿಯಲ್ಲಿ ನಿಂತಿರುವಾಗ ಕೆಳಗಿಳಿದು ಬರುವ ದಾರಿಗೇ ಅಡ್ಡ ನಿಲ್ಲಬಾರದಲ್ಲವೇ? ಅನ್ಯರ ಮಗಳಾದರೂ ಸರಿ, ನಮ್ಮ ಮಗಳಾದರೂ ಸರಿ.

ದೊಡ್ಡಉಳ್ಳಾರ್ತಿಯಲ್ಲಿ ಅಂದು ತಾತ ಮೊಮ್ಮಗಳ ವಾದ ಊಟದ ಹೊತ್ತಿನವರೆಗೂ ನಡೆಯಿತು. ಮುದ್ದೆ ಬಡಿಸುತ್ತಿದ್ದ ಅಜ್ಜಿ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. 'ಇವರೆಲ್ಲ ಸತ್ತು ಹೋದ್ರು, ಮೇಷ್ಟ್ರ ಹೆಂಡ್ತಿ ತುಂಗಮ್ಮ ಮನೇಲಿ ಅಡಿಗೆ ಮಾಡ್ಕಂಡು ಕಾಯ್ತಿದ್ಲಲ್ಲ, ಆಯಮ್ಮಂಗೆ ಹೋಗಿ ಯಾರು ಹೇಳ್ಬೇಕು?' ಎಂದರು.