ಮೋರೇರ ಗುಡ್ಡದ ನಗಾರಿ

ಹಂಪಿಗೆ ಬಂದವರಲ್ಲಿ ಬಹಳ ಮಂದಿ ಹಿರೇಬೆಣಕಲ್‌ ಕಡೆಗೆ ತಿರುಗುವುದಿಲ್ಲ. ಗಂಗಾವತಿಯಿಂದ ಹತ್ತು ಕಿಲೋಮೀಟರ್‌ ಆಚೆಗಿನ ಊರು, ಊರ ಬೆನ್ನಿಗೆ ಬರೀ ಬಂಡೆಗಳ ಗುಡ್ಡ. ಹಂಪಿಯ ಕಂಬಗಳಿಗೆ ಐನೂರು, ಆರುನೂರು ವರ್ಷವಾಗಿರಬಹುದು. ಈ ಗುಡ್ಡದ ಮೇಲಿರುವ ನಾನೂರರಷ್ಟು ಕಲ್ಗೋರಿಗಳದ್ದು ಕ್ರಿ.ಪೂ. 800ರಿಂದ 200ರ ಕಾಲ. ಊರವರ ಬಾಯಲ್ಲಿ ಇದು ಮೋರೇರ ಗುಡ್ಡ. ಮೋರೇರೆಂದರೆ ಕುಳ್ಳ ಜನ, ಅವರ ಮನೆಗಳಿವು ಎಂಬ ನಂಬಿಕೆ.

ಮೇಲೆ ಹೋದರೆ ಕುಡಿಯಲು ನೀರಿಲ್ಲ, ಅಂಗಡಿಯಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಿಸಿಲೇರುವ ಮೊದಲೇ ಹತ್ತಿದೆವು. ಕರಡಿ ಇದ್ದಾವೆಂದು ದಾರಿ ತೋರಿಸಿದವರು ಹೇಳಿದ್ದರಿಂದ ಮಕ್ಕಳು ಅವತ್ತಿಗೆ ಕೈ ಬಿಡಿಸಿಕೊಂಡು ಓಡಲಿಲ್ಲ.

ಬಯಲಾದಲ್ಲಿ ನಿಂತರೆ ಒಂದು ಬೀದಿಯೇ ಎದುರಾಗುತ್ತದೆ. ಸುತ್ತ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಮುಚ್ಚುಗಲ್ಲು. ಕೆಲವು ಆಳೆತ್ತರಕ್ಕೂ ಮಿಗಿಲು. ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಮಗಳು ಅದರ ಅಂಚನ್ನು ಬೆರಳಲ್ಲಿ ಸವರುತ್ತ ಒಂದು ಸುತ್ತು ಬಂದಳು. ಎಲ್ಲೂ ಒರಟಿಲ್ಲ. ಗಾರೆಯಿಲ್ಲ, ಮೊಳೆಯಿಲ್ಲ, ಕಲ್ಲಿನ ಭಾರವೇ ಕಲ್ಲನ್ನು ಹಿಡಿದಿದೆ. ಇಲ್ಲಿನ ಕಣಶಿಲೆ ಬಿಸಿಲು ಚಳಿಗೆ ಈರುಳ್ಳಿಯ ಸಿಪ್ಪೆಯಂತೆ ಪದರ ಬಿಡುತ್ತದೆ. ಅದನ್ನು ಗಮನಿಸಿದ ಕಣ್ಣು ಯಾವುದೋ, ಎಲ್ಲಿ ತಟ್ಟಿದರೆ ಎಲ್ಲಿ ಸೀಳುತ್ತದೆಂದು ಅದಕ್ಕೆ ಗೊತ್ತಿತ್ತು. ಕಲ್ಲು ಕಿತ್ತ ಗುಂಡಿಯೇ ಈಗ ಕೆರೆಯಾಗಿ ನಿಂತಿದೆ.

ಅತ್ತೆಯವರು ಒಂದು ಕಲ್ಮನೆಯ ನೆರಳಲ್ಲಿ ಕೂತು ಕೇಳಿದರು: “ಸತ್ತೋರಿಗೆ ಇಷ್ಟು ಗಟ್ಟಿ ಮನಿ ಕಟ್ಯಾರ. ಇದ್ದೋರು ಎಲ್ಲಿದ್ರೋ ಏನೋ.”

ಮಣ್ಣು, ಹುಲ್ಲಿನ ಗುಡಿಸಲಲ್ಲಿ ಇದ್ದರೇನೋ ಎಂದೆ. ಗೋರಿಗೆ ಬಂಡೆ, ಬಾಳಿಗೆ ಹುಲ್ಲು: ಈ ಲೆಕ್ಕ ನಮಗೆ ಉಲ್ಟಾ ಕಾಣುತ್ತದೆ. ನಿಜಾಮರ ಸೇವೆಯಲ್ಲಿದ್ದ ಮೆಡೋಸ್‌ ಟೇಲರ್‌ 1835ರಲ್ಲಿ ಈ ಜಾಗದ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದರು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಇದು ಸೇರಿತು. ಆದರೂ ಇಲ್ಲಿದ್ದ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರೋ ಒಬ್ಬರಿಗೂ ತಿಳಿಯದು. ಇತ್ತ ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕ ತನ್ನ ಮಾತು ಕೊರೆಸಿದಾಗ ಈ ಗುಡ್ಡದಲ್ಲಿ ಇನ್ನೂ ಚಪ್ಪಡಿ ಎತ್ತುತ್ತಿದ್ದಿರಬಹುದು. ಅಲ್ಲಿ ಅಕ್ಷರ ಉಳಿಯಿತು, ಇಲ್ಲಿ ಒಂದು ಸೊಲ್ಲೂ ಇಲ್ಲ.

ಉಳಿದದ್ದು ನಗಾರಿ. ಎತ್ತರದ ಬಂಡೆಯ ಮೇಲೆ ಅರ್ಧಗೋಳದ ಒಂದು ಭಾರೀ ಗುಂಡು. ಕೆಳಗೆಲ್ಲ ಊರಿಕೊಳ್ಳದೆ ಕೂತಿರುವುದರಿಂದ ಬಡಿದರೆ ಮೊಳಗುತ್ತದೆ. ಬಂದವರೆಲ್ಲ ಬಡಿದು ಬಡಿದು ಅದರ ಮೈ ಅಲ್ಲಲ್ಲಿ ಬೆಳ್ಳಗಾಗಿದೆ. ನಿಧಿಯಾಸೆಗೆ ಗೋರಿ ಕೆಡವಿದವರಷ್ಟಲ್ಲದಿದ್ದರೂ ನಾವೂ ಕೆಡಿಸುವವರೇ ಅನ್ನಿಸಿ, ತಲೆಗೊಂದೇ ಏಟು ಎಂದು ಕರಾರು ಮಾಡಿದೆ. ಮಗ ಕಲ್ಲೆತ್ತಿ ಕುಟ್ಟಿದ.

ದೊಡ್ಡ ಸದ್ದು. ಕಂಚಿನದೂ ಅಲ್ಲ, ಚರ್ಮದ್ದೂ ಅಲ್ಲ. ನನಗೆ ಮೈ ಜುಂ ಎಂದದ್ದು ಆಗ, ಗೋರಿಗಳ ಮುಂದೆ ಅಲ್ಲ. ಗೋರಿಗಳು ಬಾಗಿವೆ, ಬಿದ್ದಿವೆ, ಪಾಚಿ ಕಟ್ಟಿವೆ. ಅವು ಹಳೆಯವು ಎಂದು ಕಣ್ಣೇ ಹೇಳುತ್ತದೆ. ಸದ್ದಿಗೆ ಸವೆಯಲು ಮೈಯಿಲ್ಲ. ಎರಡೂವರೆ ಸಾವಿರ ವರ್ಷದ ಹಿಂದೆ ಯಾರೋ ಇದೇ ಗುಂಡನ್ನು ಕುಟ್ಟಿದಾಗ ಇನ್ಯಾರದೋ ಕಿವಿಗೆ ಬಿದ್ದದ್ದು ಹೆಚ್ಚುಕಡಿಮೆ ಇದೇ. ಅದು ನಮ್ಮ ಪಾಲಿಗೆ ಅವಶೇಷವಾಗಿ ಬರಲಿಲ್ಲ, ಆಗಷ್ಟೇ ಹುಟ್ಟಿತು. ಮಗನ ಕೈಯಿಂದ.

“ಯಾರನ್ನ ಕರ್ಯಾಕ ಬಡೀತಿದ್ರು?” ಎಂದ. ಸಾವಿನ ಸುದ್ದಿಗೋ ಅಪಾಯದ ಎಚ್ಚರಿಕೆಗೋ ಇರಬೇಕೆಂಬ ಊಹೆಗಳಿವೆ ಎಂದೆ. ಅತ್ತೆಯವರಿಗೆ ಒಪ್ಪಿಗೆಯಾಗಲಿಲ್ಲ. ತಮ್ಮ ಪಾಲಿನ ಏಟು ಬಾಕಿಯಿದೆಯೆಂದು ಕಲ್ಲು ಇಸಿದುಕೊಂಡು ಹೊಡೆದರು, ಕಿವಿಗೊಟ್ಟರು, ತೀರ್ಪು ಕೊಟ್ಟರು: “ಸಾವಿಂದಲ್ಲ ತಗೀ ಇದು. ಹಬ್ಬದ್ದು.”